ಕೊಟ್ಟಿಗೆಯ ಬಾಗಿಲಿಗೊಂದು ಕಟ್ಟುಪಾಡು

ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಗದ್ದುಗೆಯಲ್ಲಿ ಕುಳಿತು ಪೂಜೆ ಕೈಗೊಂಡ ದೇವಿಯನ್ನು ಕೊನೆಯ ದಿನ ಮೆರವಣಿಗೆಯಲ್ಲಿ ವನಕ್ಕೆ ಬೀಳ್ಕೊಡುವುದು ಪದ್ಧತಿ. ಮಾರಿಯೆಂದರೆ ನಮ್ಮ ಹಿರಿಯರಿಗೆ ಸಿಡುಬು, ಕಾಲರಾಗಳಷ್ಟೇ ಆಗಿರಲಿಲ್ಲ. ದನಕರುಗಳಿಗೆ ಎರಗುತ್ತಿದ್ದ ದೊಡ್ಡ ರೋಗವೂ ಅವಳ ಮುನಿಸೇ ಆಗಿತ್ತು. ಈ ನಂಬಿಕೆಯನ್ನು ಇಂದು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಅದರೊಳಗೆ ಅಡಗಿರುವ ಒಂದು ಗ್ರಹಿಕೆ ವೈದ್ಯಶಾಸ್ತ್ರಕ್ಕೆ ತೀರ ಹತ್ತಿರದ್ದು. ಸಾಂಕ್ರಾಮಿಕ ರೋಗ ಗಡಿ ದಾಟಿ ಬರುತ್ತದೆ. ಆದ್ದರಿಂದ ಮೊದಲು ಕಾಯಬೇಕಾದದ್ದು ಗಡಿಯನ್ನು.

ಮೂರು ದಶಕ ಪಶುವೈದ್ಯನಾಗಿ ದುಡಿದು ಈಗ ಕೋಟೆಯ ಹಳೆಯ ಮನೆಯಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ ಈ ಗ್ರಹಿಕೆ ಮುಖ್ಯವೆನಿಸುವುದಕ್ಕೆ ಕಾರಣವಿದೆ. ದನಗಳಿಗೆ ಲಸಿಕೆ ಹಾಕಿಸುವುದರಲ್ಲಿ ನಾವು ಸಾಕಷ್ಟು ಮುಂದೆ ಬಂದಿದ್ದೇವೆ. ದನ ಸಾಕುವ, ಕೂಡಿಹಾಕುವ, ಮಾರುವ ಜಾಗಗಳನ್ನು ಒಂದು ಕಟ್ಟುಪಾಡಿಗೆ ತರುವುದರಲ್ಲಿ ಮಾತ್ರ ಇನ್ನೂ ಮೊದಲ ಮೆಟ್ಟಿಲಿನಲ್ಲೇ ನಿಂತಿದ್ದೇವೆ. ಲಸಿಕೆ ದನವನ್ನು ಕಾಯುತ್ತದೆ. ಊರಿನ ದನಗಳನ್ನೆಲ್ಲ ಕಾಯಬೇಕಾದರೆ ಕೊಟ್ಟಿಗೆಯ ಬಾಗಿಲನ್ನೂ ಕಾಯಬೇಕು.

ದೊಡ್ಡ ರೋಗದ ಕಥೆಯನ್ನೇ ನೋಡಿ. ಅದನ್ನು ಎದುರಿಸಲೆಂದೇ ಮೈಸೂರು ಸಂಸ್ಥಾನ 1920ರ ದಶಕದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಆರಂಭಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿ ಇಂದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿ ಲಸಿಕೆ ತಯಾರಿಸುತ್ತಿರುವುದು ಅದೇ ಸಂಸ್ಥೆ. ರೋಗ ಕೊಟ್ಟಿಗೆಯಲ್ಲೇ ನಿಲ್ಲಲಿಲ್ಲ. 1980ರ ದಶಕದ ಕೊನೆಯಲ್ಲಿ ಅದು ಭದ್ರಾ ಅಭಯಾರಣ್ಯದೊಳಕ್ಕೂ ಹೊಕ್ಕು ಅಲ್ಲಿನ ಕಾಟಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ಭಾರತದಲ್ಲಿ ಅದರ ಕೊನೆಯ ಪ್ರಕರಣ ವರದಿಯಾದದ್ದು 1995ರಲ್ಲಿ. 2006ರಲ್ಲಿ ದೇಶವೂ 2011ರಲ್ಲಿ ಜಗತ್ತೂ ಅದರಿಂದ ಮುಕ್ತವೆಂದು ಘೋಷಿತವಾದವು. ಸಿಡುಬಿನ ನಂತರ ಮನುಷ್ಯ ಪೂರ್ತಿಯಾಗಿ ನಿರ್ಮೂಲ ಮಾಡಿದ ಎರಡನೆಯ ರೋಗ ಅದು. ಈ ಗೆಲುವಿಗೆ ಲಸಿಕೆ ಎಷ್ಟು ಕಾರಣವೋ, ಹಳ್ಳಿಹಳ್ಳಿಗೆ ಹೋಗಿ ರೋಗ ಹುಡುಕಿದ, ದನಗಳ ಸಾಗಣೆಯ ಮೇಲೆ ಕಣ್ಣಿಟ್ಟ ಸಿಬ್ಬಂದಿಯ ಶ್ರಮವೂ ಅಷ್ಟೇ ಕಾರಣ.

ಈಗ ನಮ್ಮೆದುರು ಇರುವ ರೋಗಗಳು ಇನ್ನಷ್ಟು ಚತುರವಾದವು. ಕಾಲುಬಾಯಿ ಜ್ವರದ ವೈರಾಣು ದನದ ದೇಹ ಹೊಕ್ಕ ಮೇಲೆ ಲಕ್ಷಣ ತೋರಲು ಎರಡು ದಿನದಿಂದ ಎರಡು ವಾರದವರೆಗೆ ಸಮಯ ತೆಗೆದುಕೊಳ್ಳುತ್ತದೆ. ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಹಾಲಿನಲ್ಲಿ ವೈರಾಣು ಇಳಿಯತೊಡಗಿರುತ್ತದೆ. ಉಸಿರು, ಜೊಲ್ಲು, ಹಾಲಿನ ಕ್ಯಾನು, ಲಾರಿಯ ಚಕ್ರ, ವ್ಯಾಪಾರಿಯ ಚಪ್ಪಲಿ ಎಲ್ಲವೂ ಅದಕ್ಕೆ ವಾಹನವೇ. ವಾಸಿಯಾದ ದನವೂ ಎಷ್ಟೋ ಕಾಲ ಗಂಟಲಿನಲ್ಲಿ ವೈರಾಣುವನ್ನು ಹೊತ್ತುಕೊಂಡಿರಬಲ್ಲದು. 2013ರಲ್ಲಿ ರಾಜ್ಯದಲ್ಲಿ ಈ ರೋಗ ಹಬ್ಬಿದಾಗ ಸಾವಿರಾರು ರಾಸುಗಳು ಸತ್ತವು. ಬದುಕುಳಿದ ಮಿಶ್ರತಳಿ ಹಸುಗಳಲ್ಲಿ ಅನೇಕವು ಬಿಸಿಲು ತಡೆಯಲಾರದೆ ಏದುಸಿರು ಬಿಡುತ್ತ, ಹಾಲು ಬತ್ತಿಸಿಕೊಂಡು, ಗಬ್ಬ ಕಟ್ಟದೆ ಉಳಿದವು. ಸತ್ತ ಹಸುವಿಗಿಂತ ಹೀಗೆ ಉಳಿದ ಹಸುವೇ ಸಾಲ ಮಾಡಿ ಕೊಂಡವನಿಗೆ ದೊಡ್ಡ ಹೊರೆ.

ಚರ್ಮಗಂಟು ರೋಗ ಭಾರತಕ್ಕೆ ಬಂದದ್ದು 2019ರಲ್ಲಿ, ಒಡಿಶಾದ ಮೂಲಕ. 2022ರಲ್ಲಿ ಅದು ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದಿತು. ಕರ್ನಾಟಕದಲ್ಲಿ ದನಗಳ ಜಾತ್ರೆ, ಸಂತೆ, ಸಾಗಣೆಗಳನ್ನು ನಿಷೇಧಿಸಬೇಕಾಯಿತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಕೊಟ್ಟಿಗೆಯಿಂದ ಪಕ್ಕದ ಕೊಟ್ಟಿಗೆಗೆ ಒಯ್ಯುತ್ತವೆ. ಆದರೆ ಜಿಲ್ಲೆಯಿಂದ ಜಿಲ್ಲೆಗೆ ಅದನ್ನು ಒಯ್ಯುವುದು ಮುಖ್ಯವಾಗಿ ಲಾರಿಯಲ್ಲಿ ನಿಂತ ದನ.

ಇವೆರಡಕ್ಕಿಂತ ಮೌನವಾದದ್ದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ನೋಡಲು ದಷ್ಟಪುಷ್ಟವಾಗಿರುವ ಹಸು ಏಳೆಂಟು ತಿಂಗಳಿಗೆ ಕಂದು ಹಾಕುತ್ತದೆ. ಬಿದ್ದ ಕರು, ಕಸ, ಸೋರಿದ ದ್ರವ ಇವುಗಳಲ್ಲಿ ಕೋಟ್ಯಂತರ ರೋಗಾಣುಗಳಿರುತ್ತವೆ. ಅದನ್ನು ಬರಿಗೈಯಲ್ಲಿ ಎತ್ತಿ ಹಾಕುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಕೀಲುನೋವು ಎಂದು ಅವರು ಆಸ್ಪತ್ರೆಗಳನ್ನು ಸುತ್ತುವಾಗ ಕೊಟ್ಟಿಗೆಯ ಸಂಗತಿಯನ್ನು ವೈದ್ಯರು ಕೇಳುವುದೂ ಅಪರೂಪ, ಇವರು ಹೇಳುವುದೂ ಅಪರೂಪ. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯುವ ನಮ್ಮ ಅಡುಗೆಮನೆಯ ರೂಢಿ ನಗರದ ಗ್ರಾಹಕನನ್ನು ಕಾಪಾಡಿದೆ. ಹಾಲು ಕರೆಯುವವರನ್ನು ಕಾಪಾಡುವ ರೂಢಿ ಇನ್ನೂ ಬೆಳೆದಿಲ್ಲ.

ಈ ಹಿನ್ನೆಲೆಯಲ್ಲಿ ಶಿವಮೊಗ್ಗ ಮತ್ತು ಭದ್ರಾವತಿಗಳನ್ನು ನೋಡಬೇಕು. ತುಂಗೆಯ ದಡದ ಕೋಟೆ ಪ್ರದೇಶದಲ್ಲಿ ಮನೆಯ ಹಿತ್ತಿಲಲ್ಲಿ ಕೊಟ್ಟಿಗೆ ಇರುವುದು ಒಂದು ಕಾಲದ ಸಹಜ ನೋಟ. ಹಿತ್ತಿಲು ಕಿರಿದಾಗಿ ಕೊಟ್ಟಿಗೆ ಗ್ಯಾರೇಜಾದ ಮೇಲೂ ಹಸು ಸಾಕುವವರು ಉಳಿದುಕೊಂಡಿದ್ದಾರೆ. ಉಕ್ಕು ಮತ್ತು ಕಾಗದದ ಕಾರ್ಖಾನೆಗಳ ಸುತ್ತ ಬೆಳೆದ ಭದ್ರಾವತಿಯಲ್ಲೂ ಸ್ಥಿತಿ ಬೇರೆಯಲ್ಲ. ಬೆಳಿಗ್ಗೆ ಹಾಲು ಕರೆದು ಬೀದಿಗೆ ಬಿಟ್ಟ ಹಸು ತರಕಾರಿ ಮಾರುಕಟ್ಟೆಯ ಕಸದ ರಾಶಿಯಲ್ಲಿ ಬೇರೆ ಹತ್ತು ಕೊಟ್ಟಿಗೆಗಳ ಹಸುಗಳ ಜೊತೆ ಮೂತಿ ತಾಗಿಸಿ ಮೇದು ಸಂಜೆ ಮನೆಗೆ ಮರಳುತ್ತದೆ. ಎರಡೂ ನಗರಗಳ ನಡುವೆ ಮಾಚೇನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ಹಳ್ಳಿಗಳ ಸಂಘಗಳಿಂದ ಹಾಲು ಅಲ್ಲಿಗೆ ಹರಿದುಬರುತ್ತದೆ. ಸ್ವಲ್ಪ ದೂರ ಹೋದರೆ ಕಾಡಂಚಿನಲ್ಲಿ ತಾನಾಗಿ ಮೇಯ್ದುಕೊಂಡು ಬರುವ ಮಲೆನಾಡು ಗಿಡ್ಡಗಳ ಹಿಂಡು. ಹೀಗೆ ಬೀದಿ, ಕಾಡು, ಡೇರಿ, ಸಂತೆಗಳು ಒಂದೇ ಸರಪಳಿಯ ಕೊಂಡಿಗಳಾಗಿವೆ.

ಈ ಸರಪಳಿಗೆ ರೋಗ ಸೇರುವುದು ಎಲ್ಲಿಂದ? ನನ್ನ ಸೇವಾವಧಿಯಲ್ಲಿ ರೋಗ ಕಾಣಿಸಿಕೊಂಡ ಕೊಟ್ಟಿಗೆಗಳಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, ಕಳೆದ ಒಂದು ತಿಂಗಳಲ್ಲಿ ಹೊಸ ದನ ಬಂದಿದೆಯೇ ಎಂಬುದು. ಹೌದೆಂಬ ಉತ್ತರ ಬಂದಷ್ಟು ಸಲ ಇಲ್ಲವೆಂಬ ಉತ್ತರ ಬರಲಿಲ್ಲ. ಹೆಚ್ಚು ಹಾಲಿನ ಹಸು ಬೇಕೆಂದು ಕೋಲಾರದ ಕಡೆಯಿಂದಲೋ ತಮಿಳುನಾಡಿನಿಂದಲೋ ತರಿಸಿದ ಹಸು ರಾತ್ರಿಯಿಡೀ ಲಾರಿಯಲ್ಲಿ ನಿಂತು, ದಣಿದು, ಬೆಳಗಿನ ಜಾವ ಬಂದಿಳಿಯುತ್ತದೆ. ಆರತಿ ಬೆಳಗಿ, ಕುಂಕುಮ ಹಚ್ಚಿ ಅದನ್ನು ನೇರವಾಗಿ ಹಳೆಯ ಹಸುವಿನ ಪಕ್ಕದ ಗೂಟಕ್ಕೆ ಕಟ್ಟುತ್ತಾರೆ. ಆರತಿಗೆ ನನ್ನ ಆಕ್ಷೇಪವಿಲ್ಲ. ಆ ಗೂಟ ಮೂರು ವಾರ ಬೇರೆಡೆ ಇರಲಿ ಎಂಬುದಷ್ಟೇ ನನ್ನ ವಾದ.

ದನಗಳ ಗೋಶಾಲೆಗಳಲ್ಲೂ ಇದೇ ಪ್ರಶ್ನೆಯಿದೆ. ರಾತ್ರಿ ತಪಾಸಣೆಯಲ್ಲಿ ವಶಕ್ಕೆ ಪಡೆದ ದನಗಳು, ಬರಗಾಲದಲ್ಲಿ ರೈತರು ಬಿಟ್ಟುಹೋದವು, ಬೀದಿಯಿಂದ ಹಿಡಿದು ತಂದವು ಎಲ್ಲವೂ ಬರುವುದು ಅಲ್ಲಿಗೇ. ಅವು ಎಲ್ಲಿಯವು, ಲಸಿಕೆ ಆಗಿದೆಯೇ, ಕಂದು ಹಾಕಿದ ಚರಿತ್ರೆ ಇದೆಯೇ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ದಯೆಯಿಂದ ಕಟ್ಟಿದ ಜಾಗವೇ ರೋಗದ ಕೂಡುದಾಣವಾಗುವ ಅಪಾಯ ಇದೆ. ಬಂದ ದನವನ್ನು ಬೇರೆ ಇರಿಸಲು ಪ್ರತ್ಯೇಕ ಕೊಟ್ಟಿಗೆ ಇಲ್ಲದ ಗೋಶಾಲೆಗೆ ಹೊಸ ದನ ಒಪ್ಪಿಸುವುದು ಒಳಗಿರುವ ದನಗಳಿಗೆ ಮಾಡುವ ಅನ್ಯಾಯ.

ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳಲ್ಲಿನ ಸೋಂಕು ಹಾಗೂ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆಂದು ಸಂಸತ್ತು 2009ರಲ್ಲಿ ಕಾಯ್ದೆ ಮಾಡಿದೆ. ರೋಗದ ಅನುಮಾನ ಬಂದರೆ ಮಾಲೀಕ ತಿಳಿಸಬೇಕು, ರೋಗಿಷ್ಠ ದನವನ್ನು ಬೇರ್ಪಡಿಸಬೇಕು, ಅದನ್ನು ಸಂತೆಗೆ ತರಬಾರದು, ನಿಯಂತ್ರಿತ ಪ್ರದೇಶದಲ್ಲಿ ಲಸಿಕೆ ಕಡ್ಡಾಯ, ತಪಾಸಣಾ ಠಾಣೆ ತೆರೆಯಬಹುದು, ಕೊಟ್ಟಿಗೆಯನ್ನು ಪರಿಶೀಲಿಸಬಹುದು ಎಂದೆಲ್ಲ ಅದು ಹೇಳುತ್ತದೆ. ನಗರದೊಳಗೆ ದನ ಸಾಕುವ ಜಾಗಗಳ ಮೇಲೆ ನಿಗಾ ಇಡಲು ಮಹಾನಗರ ಪಾಲಿಕೆಗೆ 1976ರ ಪೌರನಿಗಮಗಳ ಅಧಿನಿಯಮದಲ್ಲೂ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮದಲ್ಲೂ ಅವಕಾಶವಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡೇರಿ ಫಾರಂ ಹಾಗೂ ಗೋಶಾಲೆಗಳಿಗೆಂದೇ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಅದರ ಕಾಳಜಿ ಕೊಟ್ಟಿಗೆಯಿಂದ ಹೊರಗೆ ಹರಿಯುವ ಸಗಣಿ, ಗಂಜಲಗಳ ಬಗ್ಗೆ. ರೋಗ ತಡೆಯಲು ನೋಡಬೇಕಾದದ್ದು ಕೊಟ್ಟಿಗೆಯ ಒಳಗೆ ಬರುವುದನ್ನು. ಚರಂಡಿಯನ್ನು ನೋಡುವ ಇಲಾಖೆ ಒಂದು, ಲಸಿಕೆ ಹಾಕುವ ಇಲಾಖೆ ಇನ್ನೊಂದು, ಬೀದಿ ದನ ಹಿಡಿಯುವವರು ಮತ್ತೊಬ್ಬರು. ಬಾಗಿಲನ್ನು ನೋಡುವವರು ಯಾರೂ ಇಲ್ಲ.

ಹಾಗಾದರೆ ಎಲ್ಲರಿಗೂ ಪರವಾನಗಿ ಕಡ್ಡಾಯ ಮಾಡಿಬಿಡೋಣವೇ? ಇಲ್ಲಿ ಎಚ್ಚರ ಬೇಕು. ಎರಡು ಹಸು ಸಾಕಿ, ಹಾಲು ಹಾಕಿ, ಮಕ್ಕಳ ಶಾಲೆಯ ಶುಲ್ಕ ಕಟ್ಟುವ ವಿಧವೆಗೂ ಐವತ್ತು ಹಸುಗಳ ಫಾರಂ ನಡೆಸುವವರಿಗೂ ಒಂದೇ ನಮೂನೆ ಅರ್ಜಿ ಕೊಡುವುದು ನ್ಯಾಯವಲ್ಲ. ಪರವಾನಗಿಯ ಹೆಸರಿನಲ್ಲಿ ಕಚೇರಿ ಅಲೆದಾಟ, ಕೈಬಿಸಿ ಮಾಡುವುದು ಶುರುವಾದರೆ ಚಿಕ್ಕವರು ಹಸು ಮಾರಿ ಸುಮ್ಮನಾಗುತ್ತಾರೆ. ಇಲ್ಲವೇ ಹಸುವನ್ನೇ ಬಚ್ಚಿಡುತ್ತಾರೆ. ನಿಯಮದ ಭಾರ ಬೀಳಬೇಕಾದದ್ದು ದನಗಳು ಕೂಡುವ ಮತ್ತು ಕೈ ಬದಲಾಗುವ ಜಾಗಗಳ ಮೇಲೆ: ಸಂತೆ, ವ್ಯಾಪಾರಿಯ ದೊಡ್ಡಿ, ದೊಡ್ಡ ಡೇರಿ, ಗೋಶಾಲೆ. ಒಂದೆರಡು ಹಸುಗಳ ಮನೆ ಕೊಟ್ಟಿಗೆಗೆ ಶುಲ್ಕವಿಲ್ಲದ ನೋಂದಣಿ ಸಾಕು. ಅದರ ಉದ್ದೇಶ ದಂಡವಲ್ಲ. ರೋಗ ಬಂದಾಗ ಸುತ್ತಮುತ್ತ ಯಾವ ಮನೆಗಳಿಗೆ ತುರ್ತಾಗಿ ಹೋಗಬೇಕೆಂದು ತಿಳಿಯುವುದು.

ವ್ಯಾಪಾರದ ಜಾಗ ಏಕೆ ಮುಖ್ಯ ಎಂಬುದನ್ನು ಬ್ರಿಟನ್ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 2001ರ ಫೆಬ್ರುವರಿಯಲ್ಲಿ ಅಲ್ಲಿ ಕಾಲುಬಾಯಿ ಜ್ವರ ಪತ್ತೆಯಾಯಿತು. ಮೂಲ, ಸರಿಯಾಗಿ ಬೇಯಿಸದ ಉಳಿಕೆ ಆಹಾರವನ್ನು ಹಂದಿಗಳಿಗೆ ತಿನ್ನಿಸುತ್ತಿದ್ದ ಒಂದೇ ಒಂದು ಫಾರಂ ಎಂದು ತನಿಖೆ ಹೇಳಿತು. ಆದರೆ ರೋಗ ಪತ್ತೆಯಾಗುವ ಮೊದಲೇ ಅದು ಪಕ್ಕದ ಕುರಿಗಳಿಗೆ ತಗುಲಿ, ಆ ಕುರಿಗಳು ಮಾರುಕಟ್ಟೆ ಸೇರಿ, ಅಲ್ಲಿಂದ ದೇಶದ ಮೂಲೆಮೂಲೆಗೆ ಹಂಚಿಹೋಗಿದ್ದವು. ಇಡೀ ದೇಶದಲ್ಲಿ ಸಾಗಣೆ ನಿಲ್ಲಿಸಲು ಹಿಡಿದದ್ದು ಮೂರೇ ದಿನ. ಅಷ್ಟರಲ್ಲಿ ಕಾಲ ಮಿಂಚಿತ್ತು. ರೋಗ ಅಡಗಿಸಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅಂಥ ಸಾಮೂಹಿಕ ವಧೆ ನಮ್ಮಲ್ಲಿ ನಡೆಯುವ ಮಾತಲ್ಲ, ನಡೆಯಲೂ ಬಾರದು. ಹಾಗಾಗಿಯೇ ರೋಗ ಬರುವ ದಾರಿಯನ್ನು ಮೊದಲೇ ಕಾಯುವುದು ಅವರಿಗಿಂತ ನಮಗೆ ಹೆಚ್ಚು ಅಗತ್ಯ.

ನಿಯಮಗಳು ಜಾರಿಯಾಗದಿರುವುದಕ್ಕೆ ರೈತರ ಅಜ್ಞಾನವೇ ಕಾರಣವೆಂದು ಹೇಳುವವರಿದ್ದಾರೆ. ನನ್ನ ಅನುಭವ ಬೇರೆ. ಹಸುವಿನ ಬಾಯಲ್ಲಿ ಜೊಲ್ಲು ಕಂಡ ಕ್ಷಣ ರೋಗ ಯಾವುದೆಂದು ರೈತನಿಗೆ ಗೊತ್ತಾಗುತ್ತದೆ. ತಿಳಿಸಿದರೆ ಏನಾಗುತ್ತದೆಂಬ ಲೆಕ್ಕವೂ ಅವನಿಗೆ ಗೊತ್ತು. ಹಾಲು ಹಾಕುವುದು ನಿಲ್ಲುತ್ತದೆ, ಮಾರಲು ಇಟ್ಟ ಕಡಸನ್ನು ಯಾರೂ ಕೇಳುವುದಿಲ್ಲ, ಊರಿಗೆ ರೋಗ ತಂದವನೆಂಬ ಹೆಸರು ಬೇರೆ. ತಿಳಿಸದಿದ್ದರೆ ಒಂದು ವಾರದ ಹಾಲಾದರೂ ದಕ್ಕುತ್ತದೆ. ಪ್ರಾಮಾಣಿಕನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬ ಲೆಕ್ಕ ಉಳಿದಿರುವವರೆಗೆ ಯಾವ ಕಾಯ್ದೆಯೂ ಕೆಲಸ ಮಾಡದು. ಚರ್ಮಗಂಟು ರೋಗದಲ್ಲಿ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ 2022ರಲ್ಲಿ ಪ್ರಕಟಿಸಿತು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಸತ್ತ ಮೇಲೆ ಕೊಡುವ ಪರಿಹಾರ ಸಾವಿನ ನಷ್ಟವನ್ನಷ್ಟೇ ತುಂಬುತ್ತದೆ. ರೋಗ ತಡೆಯಬೇಕಾದರೆ, ಮೊದಲ ದಿನವೇ ತಿಳಿಸಿ ಹಾಲು ನಿಲ್ಲಿಸಿದವನಿಗೆ ಆ ದಿನಗಳ ಹಾಲಿನ ಹಣ ದೊರೆಯಬೇಕು. ಸರ್ಕಾರ, ಹಾಲು ಒಕ್ಕೂಟ, ಗ್ರಾಹಕರು ಮೂವರೂ ಸೇರಿ ಹೊರಬಹುದಾದ ಹೊರೆ ಇದು.

ಲಸಿಕೆಯ ಬಗೆಗಿನ ಹಿಂಜರಿಕೆಯನ್ನೂ ಹೀಗೇ ಅರ್ಥಮಾಡಿಕೊಳ್ಳಬೇಕು. ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ಮೇಲೆ ಕೆಲವು ಹಸುಗಳಲ್ಲಿ ಒಂದೆರಡು ದಿನ ಹಾಲು ಇಳಿಯುವುದು ನಿಜ. ಅದನ್ನು ಅಲ್ಲಗಳೆದು ಉಪದೇಶ ಮಾಡಿದರೆ ಮುಂದಿನ ಸಲ ಕೊಟ್ಟಿಗೆಯ ಬಾಗಿಲು ಮುಚ್ಚಿರುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಈ ಲಸಿಕೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಕಂದು ರೋಗದ ಲಸಿಕೆ ಉಚಿತವಾಗಿ ದೊರೆಯುತ್ತಿದೆ. ಕಾಲುಬಾಯಿ ಜ್ವರ ಮುಕ್ತ ವಲಯವಾಗಬಲ್ಲ ಒಂಬತ್ತು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ. ಆದರೆ ಮುಕ್ತ ವಲಯವೆಂದು ಜಗತ್ತು ಒಪ್ಪಲು ಲಸಿಕೆಯ ಅಂಕಿಸಂಖ್ಯೆ ಮಾತ್ರ ಸಾಲದು. ಯಾವ ದನ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಲೆಕ್ಕವನ್ನು ತೋರಿಸಬೇಕಾಗುತ್ತದೆ. ಕಿವಿಯ ಓಲೆಯಲ್ಲಿ 12 ಅಂಕಿಗಳ ಗುರುತು ಈಗಾಗಲೇ ಇದೆ. ದನ ಕೈ ಬದಲಾದಾಗ ಆ ಗುರುತಿನ ಮುಂದೆ ಹೊಸ ಕೊಟ್ಟಿಗೆಯ ಹೆಸರು ದಾಖಲಾಗದಿದ್ದರೆ ಓಲೆ ಬರೀ ಒಡವೆಯಾಗುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿ ಇದನ್ನು ಮೊದಲು ಮಾಡಿ ತೋರಿಸಬಹುದು. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಮಾಚೇನಹಳ್ಳಿಯಲ್ಲಿ ಡೇರಿ ಇದೆ, ಎರಡು ಸ್ಥಳೀಯ ಸಂಸ್ಥೆಗಳಿವೆ. ಇವು ಸೇರಿ ಆರಂಭಿಸಬಹುದಾದ ಕೆಲಸಗಳು ಕಷ್ಟದವಲ್ಲ. ಸಂತೆಗೆ ಬರುವ ದನಕ್ಕೆ ಮೂರ್ನಾಲ್ಕು ವಾರ ಮೊದಲೇ ಲಸಿಕೆಯಾದ ದಾಖಲೆ ಕೇಳುವುದು. ಸಂತೆಯ ದಿನ ಮುಗಿದ ಮೇಲೆ ಮೈದಾನವನ್ನೂ ಲಾರಿಗಳನ್ನೂ ವಾಷಿಂಗ್ ಸೋಡಾ ನೀರಿನಿಂದ ತೊಳೆಯುವುದು. ಹೊಸ ದನವನ್ನು ಮೂರು ವಾರ ಬೇರೆ ಕಟ್ಟಲು ಸ್ಥಳವಿಲ್ಲದವರಿಗಾಗಿ ಊರಾಚೆ ಸಾಮಾನ್ಯ ಕೊಟ್ಟಿಗೆಯೊಂದನ್ನು ಕಟ್ಟುವುದು. ಹಾಲಿನ ಸಂಘಗಳ ಕ್ಯಾನುಗಳಲ್ಲೇ ಕಂದು ರೋಗದ ಹಾಲಿನ ಪರೀಕ್ಷೆ ನಡೆಸಿ ಅನುಮಾನ ಬಂದ ಸಂಘದ ಹಸುಗಳ ರಕ್ತ ಪರೀಕ್ಷಿಸುವುದು. ಕಂದು ಹಾಕಿದ ಕಡೆ ಕೈಗವಸು, ಸುಣ್ಣ ತಲುಪಿಸುವುದು. ಇವುಗಳಿಗೆ ಹೊಸ ಕಾಯ್ದೆ ಬೇಕಿಲ್ಲ.

ಸತ್ತ ದನದ ವಿಲೇವಾರಿ ಇನ್ನೊಂದು ಮುಖ್ಯ ವಿಷಯ. ಸ್ವಂತ ಜಮೀನಿಲ್ಲದ ನಗರವಾಸಿ ಸತ್ತ ಹಸುವನ್ನು ಎಲ್ಲಿ ಹೂಳಬೇಕು? ಉತ್ತರ ಸಿಗದಾಗ ಅದು ನದಿಯಂಚಿಗೋ ಚಾನಲ್ ದಂಡೆಗೋ ಹೋಗುತ್ತದೆ. ನೆರಡಿ ರೋಗದಿಂದ ಸತ್ತ ದನವನ್ನು ಹೀಗೆ ಎಸೆದು, ನಾಯಿ ಹದ್ದುಗಳು ಅದನ್ನು ಬಗೆದರೆ, ಆ ಮಣ್ಣಿನಲ್ಲಿ ರೋಗಾಣುವಿನ ಬೀಜಗಳು ದಶಕಗಳ ಕಾಲ ಉಳಿಯಬಲ್ಲವು. ಮನುಷ್ಯರಿಗೆ ರುದ್ರಭೂಮಿ ಕೊಡುವ ನಗರ, ದನಗಳಿಗೆಂದು ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಲು ಬೇಲಿ ಹಾಕಿದ ಒಂದು ಜಾಗ ಕೊಡಲೇಬೇಕು.

ಕೊಟ್ಟಿಗೆಯ ಆರೋಗ್ಯಕ್ಕೂ ನಮಗೂ ಏನು ಸಂಬಂಧ ಎಂದು ಪ್ಯಾಕೆಟ್ ಹಾಲು ಕೊಳ್ಳುವವರು ಕೇಳಬಹುದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದಕ್ಕೆ ಉತ್ತರ ಕೊಡುತ್ತದೆ. ಅದನ್ನು ಹರಡುವ ಉಣ್ಣೆಗಳು ಬೆಳೆದು ದೊಡ್ಡವಾಗುವುದು ಬಹುಮಟ್ಟಿಗೆ ಕಾಡಿನಲ್ಲಿ ಮೇಯುವ ದನಗಳ ರಕ್ತ ಹೀರಿ. ದನಕ್ಕೆ ಆ ಕಾಯಿಲೆ ಬಾಧಿಸದಿದ್ದರೂ ಉಣ್ಣೆಗಳ ಸಂತತಿಯನ್ನು ಅದು ಸಾಕುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನರು ಸತ್ತಾಗ ಚರ್ಚೆಯಾದದ್ದು ಮಂಗ ಮತ್ತು ಲಸಿಕೆ. ಕೊಟ್ಟಿಗೆಯ ಉಣ್ಣೆ ನಿಯಂತ್ರಣದ ಮಾತು ಹಿಂದೆ ಬಿತ್ತು. ದನದ ಮೈಗೂ ಮನುಷ್ಯನ ಮೈಗೂ ನಡುವಿನ ಗೋಡೆ ನಾವು ಅಂದುಕೊಂಡಷ್ಟು ಎತ್ತರವಿಲ್ಲ.

ಕಟ್ಟುಪಾಡು ಎಂಬ ಪದಕ್ಕೆ ನಮ್ಮಲ್ಲಿ ದಂಡ, ತಪಾಸಣೆ, ಕಿರುಕುಳಗಳ ವಾಸನೆ ಅಂಟಿಕೊಂಡಿದೆ. ಹಳ್ಳಿಗಳಲ್ಲಿ ಅದಕ್ಕೆ ಹಿಂದೆ ಇದ್ದ ಅರ್ಥ ಬೇರೆ. ಊರಿನವರು ಕೂಡಿ ಒಪ್ಪಿಕೊಂಡು, ಕೂಡಿಯೇ ಪಾಲಿಸುತ್ತಿದ್ದ ಮಾತು ಅದು. ರೋಗ ಹಬ್ಬಿದ ಮೇಲೆ ಜಾತ್ರೆ ನಿಷೇಧಿಸಿ, ಸಂತೆ ಮುಚ್ಚಿಸಿ, ತಿಂಗಳುಗಟ್ಟಲೆ ಎಲ್ಲರ ವ್ಯಾಪಾರವನ್ನೂ ಕಟ್ಟಿಹಾಕುವುದು ಸುಲಭ. ಅದರ ನಷ್ಟ ಬೀಳುವುದು ತಪ್ಪು ಮಾಡದವರ ಮೇಲೆ. ಹೊಸದಾಗಿ ಬಂದ ಒಂದು ಹಸುವನ್ನು ಮೂರು ವಾರ ಬೇರೆ ಕಟ್ಟುವುದು ಅದಕ್ಕಿಂತ ಬಹಳ ಚಿಕ್ಕ ಕಷ್ಟ. ಆ ಚಿಕ್ಕ ಕಷ್ಟವನ್ನು ಸಾಕುವವರು ಒಪ್ಪಿಕೊಳ್ಳಲಿ. ಅದರ ಖರ್ಚಿನಲ್ಲಿ ಹಾಲು ಕುಡಿಯುವ ನಾವೂ ಪಾಲು ಕೊಡೋಣ. ಮುಂದಿನ ರೋಗ ಯಾವುದೆಂದು ಯಾರೂ ಹೇಳಲಾರರು. ಅದು ಲಾರಿಯಿಂದ ಇಳಿದಾಗ ನಮ್ಮ ಕೊಟ್ಟಿಗೆಗಳ ಬಾಗಿಲು ಹೇಗಿರಬೇಕೆಂಬುದನ್ನು ಮಾತ್ರ ನಾವು ಈಗಲೇ ತೀರ್ಮಾನಿಸಬಹುದು.